ಶನಿಯ ಮುಖಕ್ಕೆ ಒಂದು ಅಗ್ಗದ ಕ್ಯಾಮೆರಾ

ಮೊದಲೇ ಹೇಳಿಬಿಡುತ್ತೇನೆ: ಟೆಲಿಸ್ಕೋಪಿಗೆ ಕ್ಯಾಮೆರಾ ಬೇಕು ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಕಣ್ಣಿದೆ, ಆಕಾಶವಿದೆ, ನಡುವೆ ಒಂದು ಕೊಳವೆ ಇದೆ, ಸಾಕು ಅಂದುಕೊಂಡಿದ್ದೆ. ಕ್ಯಾಮೆರಾ ಕೊಳ್ಳುವ ಪರಿಸ್ಥಿತಿ ತಂದವಳು ಅಮ್ಮ. ಅಮ್ಮನಿಗೆ ಆ ಪರಿಸ್ಥಿತಿ ತಂದವರು ಬೇರೆಯವರು. ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ಇಲ್ಲ.

ನಮ್ಮದು ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ಕ್ರಾಸಿನಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಅಪ್ಪ ತರಗುಪೇಟೆಯ ಬೇಳೆ ಮಂಡಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಮನೆಯಲ್ಲಿ ವಾದ ಶುರುವಾದರೆ ಟಿವಿಯ ಸದ್ದು ಏರಿಸುವುದೇ ಅವರ ಅಭಿಪ್ರಾಯ. ಅಮ್ಮ ಸೀರೆಗಳಿಗೆ ಕುಚ್ಚು ಹಾಕುತ್ತಾಳೆ. ಸೆರಗಿನ ಅಂಚಿನ ಎಳೆಗಳನ್ನು ಗಂಟು ಹಾಕಿ, ನಡುನಡುವೆ ಮಣಿ ಪೋಣಿಸಿ, ಬೇಕೆಂದರೆ ಮಾವಿನಕಾಯಿ, ಬೇಡವೆಂದರೆ ಬರೀ ಗೊಂಚಲು. ಸಂಪಿಗೆ ರಸ್ತೆಯ ಸೀರೆ ಅಂಗಡಿಗಳವರು ಚೀಲದಲ್ಲಿ ಸೀರೆ ಕಳಿಸುತ್ತಾರೆ, ಅವಳು ಮುಗಿಸಿ ಕಳಿಸುತ್ತಾಳೆ, ಗಿರಾಕಿಗಳು ಅಂಗಡಿಯವರನ್ನು ಹೊಗಳುತ್ತಾರೆ. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲೇ ಕಾಲ ಕಳೆದವಳು, ಈಗ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಅದನ್ನೇ ಕಲಿಸುತ್ತೇನೆ. ಎದುರಾಳಿಯ ಮಾತಿನಲ್ಲಿ ಸಾಕ್ಷಿ ಎಲ್ಲಿದೆ ಎಂದು ಹುಡುಕು, ಇಲ್ಲದಿದ್ದರೆ ಅಲ್ಲೇ ಹಿಡಿ: ನಾನು ಕಲಿಸುವುದು ಇಷ್ಟೇ.

ಟೆಲಿಸ್ಕೋಪು ನನಗೆ ಸಿಕ್ಕಿದ್ದು ಕಾಲೇಜಿನ ನನ್ನ ಚರ್ಚಾಜೋಡಿಯಿಂದ. ಅವನು ಮದುವೆಯಾಗಿ ಚಿಕ್ಕ ಮನೆಗೆ ಹೋಗುವಾಗ, ಹೆಂಡತಿ ‘ಅದು ಅಥವಾ ಬಟ್ಟೆ ಒಣಗಿಸೋ ಸ್ಟ್ಯಾಂಡು, ಎರಡರಲ್ಲೊಂದು’ ಅಂದಳಂತೆ. ಮೋಟು ಕೊಳವೆ, ಬಾಯಿ ಒಂದು ಉಪ್ಪಿನಕಾಯಿ ಭರಣಿಯಷ್ಟು. ನಮ್ಮ ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಇಟ್ಟುಕೊಂಡರೆ ಶಾಪಿಂಗ್ ಮಾಲ್‌ನ ಬೆಳಕು ಒಂದು ಕಡೆಯಿಂದ, ಎದುರು ಮನೆಯ ಫ್ಲಡ್‌ಲೈಟು ಇನ್ನೊಂದು ಕಡೆಯಿಂದ ಹೊಡೆಯುತ್ತವೆ. ನಕ್ಷತ್ರಗಳು ಹಾಳಾಗಿ ಹೋಗಲಿ, ಗ್ರಹಗಳಿಗೆ ಅಷ್ಟು ಬೆಳಕು ಅಡ್ಡಿಯಿಲ್ಲ.

ಕಾರ್ತಿಕದ ಶುರುವಿನಲ್ಲಿ ಒಂದು ಸಂಜೆ ಅಮ್ಮ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಳು. ಚಂದ್ರನನ್ನು ತೋರಿಸಿದೆ. ಬಗ್ಗಿ ನೋಡಿ, ‘ಅಯ್ಯೋ, ಮೈಲಿ ಆದವನ ಮುಖದ ಥರ ಇದಾನಲ್ಲೇ!’ ಅಂದು ನಕ್ಕಳು. ಇನ್ನೊಂದು ಸಲ ನೋಡಿದಳು. ನಾನು ಉತ್ಸಾಹದಲ್ಲಿ ಕೊಳವೆ ತಿರುಗಿಸಿ, ‘ಬಾ, ಈಗ ಶನಿ ನೋಡು’ ಅಂದೆ.

ಅಮ್ಮ ಬಟ್ಟೆಗಳನ್ನು ಎದೆಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

‘ಬೇಡ ಕಣೆ.’

‘ಯಾಕೆ?’

‘ಅವನ ಎದುರಿಗೆ ನಿಂತು ನೋಡಬಾರದು. ದೇವಸ್ಥಾನದಲ್ಲೂ ಪಕ್ಕದಲ್ಲಿ ನಿಂತೇ ಕೈ ಮುಗಿಯೋದು, ನೋಡಿಲ್ವಾ ನೀನು? ದೃಷ್ಟಿ ಬೀಳತ್ತೆ.’

‘ಅಮ್ಮ, ಅದಕ್ಕೆ ಕಣ್ಣಿಲ್ಲ. ಅದೊಂದು ಅನಿಲದ ಉಂಡೆ.’

‘ಇರಬಹುದು. ನನಗೆ ಈಗ ಟೈಮ್ ಸರಿ ಇಲ್ಲ. ಬೇಕಾದ್ರೆ ಫೋಟೋ ತೋರಿಸು, ನೋಡ್ತೀನಿ. ಫೋಟೋ ಆದ್ರೆ ಪರವಾಗಿಲ್ಲ.’

ಅಷ್ಟು ಹೇಳಿ ಇಳಿದು ಹೋದಳು. ಟೈಮ್ ಸರಿ ಇಲ್ಲ ಎಂಬ ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ನನ್ನ ರಕ್ತ ಕುದಿಯಲು ಶುರುವಾದದ್ದೇ ಅಲ್ಲಿ.

ವಿಷಯ ಇಷ್ಟು. ನಮ್ಮ ಪಕ್ಕದ ಕ್ರಾಸಿನಲ್ಲಿ ಒಬ್ಬರು ಹಳೆಯ ಟೈಲರ್ ಇದ್ದಾರೆ. ಅವರ ಅಂಗಡಿ ಒಂದು ಮಂಚದಷ್ಟು ಅಗಲ, ಆದರೆ ಬಾಗಿಲು ರಸ್ತೆಗೆ. ಅವರಿಗೆ ಕಣ್ಣು ಸಾಲುತ್ತಿರಲಿಲ್ಲ, ಬಿಡಬೇಕೆಂದಿದ್ದರು. ಮೊಬೈಲ್ ಕವರ್ ಮಾರುವವರು ಕೇಳುತ್ತಿದ್ದರಂತೆ. ಟೈಲರ್ ಮಾತ್ರ ಅಮ್ಮನನ್ನು ಕರೆದು, ‘ನೀವು ತಗೊಳ್ಳಿ ತಾಯಿ. ನಿಮ್ಮ ಕೈಕೆಲಸ ಊರೆಲ್ಲ ಉಟ್ಕೊಂಡು ಓಡಾಡ್ತಿದೆ, ನಿಮ್ಮದು ಅಂತ ಒಂದು ಬೋರ್ಡಿಲ್ಲ. ತಿಂಗಳ ಕೊನೆ ತನಕ ಕಾಯ್ತೀನಿ’ ಅಂದಿದ್ದರು. ಅಮ್ಮ ಮನೆಗೆ ಬಂದು ಆ ಅಂಗಡಿಯ ಗೋಡೆಗೆ ಯಾವ ಬಣ್ಣ ಹೊಡೆಸಬೇಕು ಎಂಬುದನ್ನೂ ಹೇಳಿದ್ದಳು. ಸೀರೆ ನೇತುಹಾಕಲು ಬಿದಿರಿನ ಕೋಲು ಸಾಕು, ಸ್ಟೀಲ್ ಬೇಡ ಎಂದು ಅಪ್ಪನ ಜೊತೆ ಜಗಳವೂ ಆಗಿತ್ತು. ಅಷ್ಟರಲ್ಲಿ ಮಾವ ಬಂದರು.

ಮಾವ ಅಂದರೆ ಅಮ್ಮನ ಅಣ್ಣ. ಬಿನ್ನಿಪೇಟೆಯ ಕಡೆ ಫ್ಲ್ಯಾಟು, ಸೈಟು ಮಾರಿಸುವ ವ್ಯವಹಾರ. ಅವರು ಅಮ್ಮನಿಗೆ ಹೇಳಿದ್ದು ಒಂದೇ ಮಾತು: ‘ನಿನ್ನ ರಾಶಿಗೆ ಸಾಡೇಸಾತಿ ಶುರುವಾಗಿದೆ. ಏಳೂವರೆ ವರ್ಷ ಶನಿ ಬಿಡಲ್ಲ. ಹೊಸದಕ್ಕೆ ಕೈ ಹಾಕ್ಬೇಡ.’ ಅಮ್ಮ ಬಣ್ಣದ ಮಾತು ನಿಲ್ಲಿಸಿದಳು. ಬಿದಿರಿನ ಮಾತೂ ನಿಂತಿತು.

ಮಾವ ಇದನ್ನು ಹೇಳಿದ್ದು ಇದೇ ಮೊದಲಲ್ಲ. ಶನಿ ಆಕಾಶ ಸುತ್ತಿ ಅದೇ ಜಾಗಕ್ಕೆ ಬರಲು ಸುಮಾರು ಮೂವತ್ತು ವರ್ಷ. ಹಿಂದಿನ ಸುತ್ತಿನಲ್ಲಿ, ಅಮ್ಮನಿಗೆ ಇಪ್ಪತ್ತೆರಡು ಇದ್ದಾಗ, ಬೇರೆ ಊರಿನಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತೆ ಕೆಲಸ ಸಿಕ್ಕಿತ್ತು. ಪರೀಕ್ಷೆ ಬರೆದು, ಪಾಸಾಗಿ, ಅವಳೇ ಗಳಿಸಿದ ಕೆಲಸ. ಆಗಲೂ ಜಾತಕ ತೋರಿಸಿಕೊಂಡು ಬಂದವರು ಮಾವನೇ. ತಾತ ತಲೆಯಾಡಿಸಿದರು. ಅಮ್ಮ ಹೋಗಲಿಲ್ಲ. ಈಗಲೂ ಆ ಕೆಲಸದ ಮಾತು ಬಂದರೆ, ‘ಆಗ ಶನಿ ಕಾಟ ಇತ್ತು’ ಅನ್ನುತ್ತಾಳೆ. ಮಳೆ ಬಂದಿತ್ತು, ಆಟ ನಿಂತಿತು ಎಂಬ ಧಾಟಿಯಲ್ಲಿ. ಇಬ್ಬರು ಗಂಡಸರು ಚಾವಡಿಯಲ್ಲಿ ಕೂತು ತೆಗೆದುಕೊಂಡ ತೀರ್ಮಾನವನ್ನು ನೂರು ಕೋಟಿ ಕಿಲೋಮೀಟರಿಗಿಂತ ಆಚೆಯ ಒಂದು ಉಂಡೆಯ ತಲೆಗೆ ಕಟ್ಟಿದ್ದಾರೆ, ಆ ಉಂಡೆಗೆ ಮಾತಾಡಲು ಬಾಯಿಲ್ಲ. ಪ್ರತಿವಾದಿ ಇಲ್ಲದ ಮೊಕದ್ದಮೆ ಗೆಲ್ಲುವುದು ಎಷ್ಟು ಸುಲಭ!

ನಾನು ವಾದ ಮಾಡಲಿಲ್ಲವೆಂದಲ್ಲ. ಮಾಡಿದೆ. ಗೆದ್ದೆ ಕೂಡ. ಅಮ್ಮ ಎಲ್ಲದಕ್ಕೂ ‘ನೀನು ಹೇಳೋದು ಸರಿನೇ’ ಎಂದಳು, ಎದ್ದು ಹೋಗಿ ಅನ್ನಕ್ಕಿಟ್ಟಳು. ಮಾತಿನಲ್ಲಿ ಸೋತು ಜಾಗದಲ್ಲಿ ಕದಲದವರ ಎದುರು ಏನು ಮಾಡಬೇಕೆಂದು ಯಾವ ಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ. ಉಳಿದದ್ದು ಅವಳೇ ಕೊಟ್ಟ ಷರತ್ತು: ಫೋಟೋ ಆದರೆ ನೋಡುತ್ತೇನೆ. ಯಾವ ಮೂಢನಂಬಿಕೆಗೆ ಉಗಿಯಬೇಕೆಂದಿದ್ದೆನೋ ಅದರ ಅನುಕೂಲಕ್ಕೆ ನನ್ನ ದುಡ್ಡಿನಲ್ಲಿ ಕ್ಯಾಮೆರಾ ತರಬೇಕು. ಈ ಅವಮಾನ ನುಂಗಿಕೊಂಡು ಚರ್ಚಾಜೋಡಿಗೆ ಫೋನ್ ಮಾಡಿದೆ.

‘ಮಗಾ, ಶನಿಗೆ ಕ್ಯಾಮೆರಾ ಬೇಕು. ಅಗ್ಗದ್ದು. ತಿಂಗಳೊಳಗೆ.’

‘ಶನಿಗಾ, ನಿಂಗಾ?’

‘ನಮ್ಮಮ್ಮಂಗೆ.’

ಅವನು ನಗುವುದನ್ನು ನಿಲ್ಲಿಸಿ, ‘ಗುರು, ಆಕಾಶ ನೋಡೋರ ಗ್ರೂಪಲ್ಲಿ ಕೇಳು, ನಾನು ಸೇರಿಸ್ತೀನಿ’ ಎಂದ. ಸೇರಿಸಿದ. ಅಲ್ಲಿಂದ ನನ್ನ ಸಿಟ್ಟಿನ ಎರಡನೇ ಅಧ್ಯಾಯ.

ಆ ಗುಂಪಿನಲ್ಲಿ ನಾನು ಕೇಳಿದ್ದು ಒಂದು ಪ್ರಶ್ನೆ: ಕಡಿಮೆ ದುಡ್ಡಿನಲ್ಲಿ ಗ್ರಹಗಳ ಚಿತ್ರ ತೆಗೆಯಲು ಯಾವುದು ಒಳ್ಳೆಯದು? ಬಂದ ಉತ್ತರಗಳಲ್ಲಿ ‘ಕಡಿಮೆ’ ಎಂಬ ಪದವನ್ನು ಓದಿದವರು ಒಬ್ಬರೂ ಇರಲಿಲ್ಲ. ಒಬ್ಬ ಹಿರಿಯರು ‘ಎರಡು ವರ್ಷ ಕೂಡಿಟ್ಟು ಒಳ್ಳೇದನ್ನೇ ತಗೋಮ್ಮ, ಅಗ್ಗದ್ದು ತಗೊಂಡು ಅಳಬೇಡ’ ಎಂದು ಬರೆದರು. ಕೆಳಗೆ ಹೆಬ್ಬೆರಳುಗಳ ಸಾಲು. ತಮ್ಮ ಸಲಕರಣೆ ಎಷ್ಟು ದುಬಾರಿ ಎಂದು ಹೇಳಲು ಇನ್ನೊಬ್ಬರ ಪ್ರಶ್ನೆಯನ್ನು ಪೀಠ ಮಾಡಿಕೊಳ್ಳುವ ಜನ. ಎರಡು ವರ್ಷವಂತೆ! ಟೈಲರ್ ತಿಂಗಳ ಕೊನೆಗೆ ಬಾಗಿಲು ಎಳೆಯುತ್ತಾರೆ. ಎರಡು ವರ್ಷ ಕಾಯಿ ಎನ್ನುವುದು ಏಳೂವರೆ ವರ್ಷ ಕಾಯಿ ಎನ್ನುವುದರ ತಮ್ಮನೇ ಅಲ್ಲವೇ?

ಹಾಗಾಗಿ ನಾನೇ ಓದಿದೆ. ಓದಿದಷ್ಟೂ ಒಂದು ವಿಷಯ ಸ್ಪಷ್ಟವಾಗುತ್ತಾ ಬಂತು: ಗ್ರಹಗಳ ವಿಷಯದಲ್ಲಿ ಬಡವರಿಗೆ ಮೋಸ ಆಗುವುದಿಲ್ಲ, ಆದರೆ ಬಡವರು ಅದನ್ನು ನಂಬಬೇಕು, ಅಷ್ಟೇ. ಗ್ರಹ ತೀರಾ ಪುಟ್ಟದು. ನನ್ನ ಕೊಳವೆಯಲ್ಲಿ ಶನಿಯ ಬಿಂಬ ಕ್ಯಾಮೆರಾದ ಮೇಲೆ ಬಿದ್ದರೆ ಅಗಲ ಸುಮಾರು ಮೂವತ್ತು ಚುಕ್ಕೆ, ಅಂದರೆ ಪಿಕ್ಸೆಲ್. ಅದರ ಸುತ್ತ ಲಕ್ಷಗಟ್ಟಲೆ ಚುಕ್ಕೆಗಳಿದ್ದರೂ ಅವು ಹಿಡಿಯುವುದು ಬರೀ ಕತ್ತಲೆ. ಬೇಕಾದದ್ದು ದೊಡ್ಡ ಕ್ಯಾಮೆರಾ ಅಲ್ಲವೇ ಅಲ್ಲ, ಚುರುಕಾದದ್ದು. ಊರಿನ ಮೇಲಿನ ಗಾಳಿ ಸದಾ ನಡುಗುತ್ತಿರುತ್ತದೆ, ಕಾದ ಬಾಣಲೆಯ ಮೇಲಿನ ಗಾಳಿಯಂತೆ. ಸೆಕೆಂಡಿಗೆ ಹತ್ತಾರು ಚಿತ್ರ ತೆಗೆದರೆ ಅವುಗಳಲ್ಲಿ ಕೆಲವು, ಗಾಳಿ ಉಸಿರು ಹಿಡಿದ ಕ್ಷಣದವು, ಸ್ಪಷ್ಟವಾಗಿರುತ್ತವೆ. ಕಂಪ್ಯೂಟರು ಅವನ್ನು ಹೆಕ್ಕಿ ಒಂದರ ಮೇಲೊಂದು ಕೂಡಿಸಿ ಒಂದು ಚಿತ್ರ ಮಾಡುತ್ತದೆ. ಇದಕ್ಕೆಂದೇ ಹೆಬ್ಬೆರಳಿನಷ್ಟು ಪುಟ್ಟ ಕ್ಯಾಮೆರಾಗಳಿವೆ. ಕಣ್ಣಿಡುವ ಮಸೂರ ತೆಗೆದು ಆ ತೂತಿಗೆ ಅದನ್ನು ಸಿಕ್ಕಿಸಬೇಕು, ವೈರನ್ನು ಲ್ಯಾಪ್‌ಟಾಪಿಗೆ ಚುಚ್ಚಬೇಕು, ಅಷ್ಟೇ. ನೋಡಲು ಏನೂ ಅಲ್ಲ. ಅದಕ್ಕೇ ಅದಕ್ಕೆ ಮರ್ಯಾದೆ ಇಲ್ಲ.

ಆ ಭಾನುವಾರ ಮಾವ ಊಟಕ್ಕೆ ಬಂದರು. ಹೊಸ ಅವರೆಕಾಯಿ ಬಂದಿತ್ತು, ಅಮ್ಮ ಹಿತಕಿದಬೇಳೆ ಸಾರು, ಮುದ್ದೆ ಮಾಡಿದ್ದಳು. ಮಾವನ ಹತ್ತಿರ ಒಂದು ದೊಡ್ಡ ಕ್ಯಾಮೆರಾ ಇದೆ, ಮೊಳದುದ್ದದ ಲೆನ್ಸು. ತೋಟದ ಮನೆಗೆ ಹೋದಾಗ ಹಕ್ಕಿ ತೆಗೆಯುತ್ತಾರೆ. ಅಮ್ಮ ಬಾಯಿತಪ್ಪಿ ನನ್ನ ಹುಡುಕಾಟದ ವಿಷಯ ಹೇಳಿಬಿಟ್ಟಳು.

‘ಏನಮ್ಮಣ್ಣಿ, ಕ್ಯಾಮೆರಾ ನನ್ನ ಕೇಳಬಾರದಾ? ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಇದೆ ನಂದು. ನೀನು ತಗೋಬೇಕು ಅಂತಿರೋದು ಎಷ್ಟು?’

‘ಒಂದು ಚಿಲ್ಲರೆ, ಮಾವ.’

‘ಒಂದಾ!’ ಅವರು ಅಪ್ಪನ ಕಡೆ ತಿರುಗಿ ನಕ್ಕರು. ‘ಭಾವ, ನಿಮ್ಮ ಮಗಳು ಸೈಕಲ್ ತಗೊಂಡು ದೆಹಲಿಗೆ ಹೊರಟಿದಾಳೆ.’

ಅಪ್ಪ ಮುದ್ದೆ ಮುರಿಯುವುದರಲ್ಲಿ ಮುಳುಗಿದರು.

‘ಮಾವ, ನಿಮ್ಮ ಇಪ್ಪತ್ನಾಲ್ಕರಲ್ಲಿ ಶನಿ ಕೂತ್ಕೊಳ್ಳೋದು ಕಡಲೆಕಾಳಿನಷ್ಟು ಜಾಗದಲ್ಲಿ. ಮಿಕ್ಕಿದ್ದೆಲ್ಲ ಕತ್ತಲೆ. ಒಂದು ತುಳಸಿ ಕುಂಡ ಇಡೋಕೆ ಅರವತ್ತು ನಲವತ್ತರ ಸೈಟು ಯಾಕೆ ಬೇಕು? ನೀವು ಮಾರ್ತೀರಿ, ಸರಿ. ನಾನ್ಯಾಕೆ ತಗೊಳ್ಳಲಿ?’

ಅಪ್ಪನಿಗೆ ಸಾರು ನೆತ್ತಿಗೇರಿತು. ಮಾವ ನಗುವುದನ್ನು ಬಿಟ್ಟು ಅಮ್ಮನಿಗೆ ಹೇಳಿದರು: ‘ಇವಳು ಇಷ್ಟು ಮಾತಾಡ್ತಾಳಲ್ಲ, ಇದೂ ಆ ಶನಿದೇ ಪ್ರಭಾವ. ಮನೇಲಿ ಜಗಳ ತರ್ತಾನೆ. ಆ ಅಂಗಡಿ ವಿಷ್ಯ ಮುಗೀತಲ್ಲ?’

‘ಯೋಚನೆ ಮಾಡ್ತಿದೀನಿ ಅಣ್ಣ.’

‘ಯೋಚನೆ ಏನು ಬಂತು. ಆಗ ನಾನು ಹೇಳಿದ್ದು ಕೇಳಿದ್ದಕ್ಕೆ ತಾನೆ ಇವತ್ತು ಗಂಡ, ಮಗಳು, ಮನೆ ಅಂತ ಚೆನ್ನಾಗಿದೀಯ?’

ನಾನು ಬಾಯಿ ತೆರೆದೆ. ಅಮ್ಮ ನನ್ನ ತಟ್ಟೆಗೆ ಒಂದು ಸೌಟು ಸಾರು ಸುರಿದು ಕಣ್ಣಲ್ಲೇ ಮುಚ್ಚಿಸಿದಳು. ಆ ಸಾರಿನ ರುಚಿ ನನಗೆ ನೆನಪಿಲ್ಲ. ಅವರ ಕೊನೆಯ ಮಾತು ಅಕ್ಷರ ಬಿಡದೆ ನೆನಪಿದೆ. ಸಿಗದೇ ಹೋದ ಬದುಕಿನ ವಿರುದ್ಧ ಸಿಕ್ಕ ಬದುಕನ್ನು ಸಾಕ್ಷಿಯಾಗಿ ನಿಲ್ಲಿಸುವುದು ಎಂಥ ಮೋಸದ ವಾದ! ಅಮ್ಮ ಅದಕ್ಕೆ ಉತ್ತರ ಕೊಟ್ಟರೆ ನಾನೂ ಅಪ್ಪನೂ ಬೇಡವಾಗಿದ್ದೆವು ಅಂದಂತೆ. ಕೊಡದಿದ್ದರೆ ಅಣ್ಣನ ಮಾತು ಸರಿ ಅಂದಂತೆ.

ಮಾರನೇ ದಿನ ಸಂಪಿಗೆ ರಸ್ತೆಯ ಒಂದು ಮೊಬೈಲ್ ಅಂಗಡಿಗೂ ಹೋಗಿಬಂದೆ, ನ್ಯಾಯವಾಗಿ ಎಲ್ಲವನ್ನೂ ನೋಡೋಣ ಎಂದು. ಮಾರುವ ಹುಡುಗಿ ಬಹಳ ಚೂಟಿ. ‘ಮೇಡಂ, ಇದರಲ್ಲಿ ನೂರು ಪಟ್ಟು ಜೂಮು. ಟೆಲಿಸ್ಕೋಪೇ ಬೇಡ, ಚಂದ್ರನ ಕುಳಿಗಳೆಲ್ಲ ಕಾಣ್ಸತ್ತೆ’ ಎಂದು ತಾನೇ ತೆಗೆದ ಚಿತ್ರ ತೋರಿಸಿದಳು. ಚೆನ್ನಾಗಿತ್ತು. ಅತಿ ಚೆನ್ನಾಗಿತ್ತು. ನಾನು ಚಂದ್ರನ ಒಂದು ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಒಂದು ಕುಳಿಯೂ ಉಳಿಯದಂತೆ ಬಿಳಿ ಉಂಡೆ ಮಾಡಿ ನನ್ನ ಫೋನಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ‘ಇದರ ಫೋಟೋ ತೆಗೀರಿ’ ಎಂದೆ. ಅಂಗಡಿಯ ದೀಪ ಆರಿಸಿ, ಆ ತುದಿಯಿಂದ ಈ ತುದಿಗೆ ಜೂಮ್ ಮಾಡಿ ತೆಗೆದಳು. ಒಂದು ಕುಳಿಯೂ ಇಲ್ಲದ ಕಡೆ ಅವಳ ಫೋನು ಕುಳಿಗಳನ್ನು ಬರೆದುಕೊಟ್ಟಿತು.

ಹುಡುಗಿ ಎರಡೂ ಫೋನುಗಳನ್ನು ಅಕ್ಕಪಕ್ಕ ಹಿಡಿದು ನೋಡಿದಳು. ‘ಆದ್ರೆ ಮೇಡಂ, ಚೆನ್ನಾಗಿ ಬಂದಿದೆಯಲ್ವಾ?’

ಅದೇ! ಈ ಊರಿನ ರೋಗಕ್ಕೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಚೆನ್ನಾಗಿ ಬಂದಿದೆಯಲ್ವಾ. ನಿಜವೋ ಅಲ್ಲವೋ ಯಾರಿಗೆ ಬೇಕು. ಚಂದ್ರ ಹೇಗಿರಬೇಕೆಂದು ಮೊದಲೇ ಗೊತ್ತಿದ್ದು, ಎದುರಿಗಿರುವುದನ್ನು ನೋಡದೆ ಅದನ್ನೇ ಬರೆಯುವ ಯಂತ್ರ ಅದು. ಅಂಥ ಒಬ್ಬರು ಭಾನುವಾರ ನಮ್ಮ ಮನೆಯಲ್ಲಿ ಮುದ್ದೆ ಉಂಡು ಹೋಗಿದ್ದರು.

ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯ ಗಲ್ಲಿಗಳಲ್ಲಿ ಅಲೆದರೂ ಸಿಗದ ಆ ಪುಟ್ಟ ಕ್ಯಾಮೆರಾ, ಗುಂಪಿನಲ್ಲಿ ಒಂದು ಮಾತೂ ಆಡದೆ ಕೂತಿದ್ದ ಒಬ್ಬರಿಂದ ಸಿಕ್ಕಿತು. ಅವರು ಇನ್ನೂ ದೊಡ್ಡ ಕ್ಯಾಮೆರಾ ಕೊಂಡಿದ್ದರು, ಹಳೆಯದು ಡ್ರಾಯರಿನಲ್ಲಿ ಬಿದ್ದಿತ್ತು. ನನ್ನ ಕೈಗೆಟಕುವ ಬೆಲೆ. ಬಣ್ಣದ ಚಿತ್ರ ಕೊಡುವುದು, ಉದ್ದ ವೈರಿರುವುದು, ಪರದೆಯ ಮೇಲೆ ಆ ಕ್ಷಣದ್ದನ್ನು ಆ ಕ್ಷಣವೇ ತೋರಿಸುವುದು. ನನಗೆ ಬೇಕಿದ್ದದ್ದು ಈ ಮೂರೇ.

ಮೊದಲ ಸಂಜೆ ನಾನು ಜಾಣತನ ತೋರಿಸಲು ಹೋದೆ. ಸಾವಿರಾರು ಚಿತ್ರ ತೆಗೆದು, ಹೆಕ್ಕಿ, ಕೂಡಿಸಿ, ತಿದ್ದಿ, ಒಂದು ನುಣುಪಾದ ಶನಿಯನ್ನು ಮಾಡಿ ಬೆಳಗಿನ ಕಾಫಿಯ ಜೊತೆ ಅಮ್ಮನ ಮುಂದೆ ಹಿಡಿದೆ. ಅವಳು ಕನ್ನಡಕ ಏರಿಸಿ ನೋಡಿದಳು.

‘ಚೆನ್ನಾಗಿದೆ. ಆದ್ರೆ ಬಳೆ ಎಲ್ಲಿ? ಶನಿಗೆ ಬಳೆ ಇರತ್ತಲ್ಲ.’

‘ಈ ವರ್ಷ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿದೆ ಅಮ್ಮ. ತಟ್ಟೆನ ಕಣ್ಣಿನ ಮಟ್ಟಕ್ಕೆ ಹಿಡಿದರೆ ಗೆರೆ ಥರ ಕಾಣಲ್ವಾ, ಹಂಗೆ.’

‘ಓ.’ ಅವಳು ತನ್ನ ಫೋನು ತೆಗೆದಳು. ‘ಅಣ್ಣನೂ ಒಂದು ಕಳಿಸಿದಾನೆ. ನಿನ್ನ ಮಾತಿಗೆ ರೋಷ ಬಂದು ತೋಟದಿಂದ ತೆಗೆದನಂತೆ, ಮೊನ್ನೆ ಶನಿವಾರ. ಇದರಲ್ಲಿ ಬಳೆ ಇದೆ ನೋಡು.’

ಇತ್ತು. ಅಗಲವಾದ, ಹೊಳೆಯುವ, ಒಳಗಿನ ಕಪ್ಪು ಬಿರುಕು ಕೂಡ ಕಾಣುವ ಬಳೆ. ಯಾವುದೋ ಬಾಹ್ಯಾಕಾಶ ನೌಕೆ ಎಷ್ಟೋ ವರ್ಷಗಳ ಹಿಂದೆ ತೆಗೆದದ್ದು. ಕೆಳಗೆ ‘ನನ್ನ ಕ್ಯಾಮೆರಾ, ಶನಿದೇವರ ದರ್ಶನ’ ಎಂಬ ಬರಹ, ಕೈಮುಗಿದ ಚಿತ್ರ.

‘ಅಮ್ಮ, ಇದು ಸುಳ್ಳು!’

‘ನಿಂದು ನಿಜ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಎರಡೂ ಫೋಟೋನೇ. ಎರಡೂ ಫೋನಲ್ಲೇ ಬಂತು. ನೀನು ತಿದ್ದಿದೀನಿ ಅಂತ ಬೇರೆ ಹೇಳ್ತೀಯ.’

ನನಗೆ ಮೈಯೆಲ್ಲ ಉರಿದುಹೋಯಿತು. ಉರಿದದ್ದು ಅವಳು ಹೇಳಿದ್ದು ತಪ್ಪೆಂದಲ್ಲ. ಆ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದೆ. ಸಾಕ್ಷಿ ಎಲ್ಲಿ ಎಂದು ನನ್ನನ್ನು ಇಷ್ಟು ಸಲೀಸಾಗಿ ಕೇಳುವ ಹೆಂಗಸು, ಮೂವತ್ತು ವರ್ಷದಿಂದ ಅಣ್ಣನನ್ನು ಒಂದು ಸಲವೂ ಕೇಳಿಲ್ಲವಲ್ಲ!

‘ಸರಿ,’ ಎಂದೆ. ‘ಇವತ್ತು ಸಂಜೆ ಮೇಲೆ ಬಾ. ತಿದ್ದದೆ ತೋರಿಸ್ತೀನಿ. ನೀನು ಅದರ ಕಡೆ ನೋಡೋದೇ ಬೇಡ, ಪರದೆ ನೋಡು.’

ಏಳೂವರೆಯ ಹೊತ್ತಿಗೆ ಅಮ್ಮ ದೀಪ ಹಚ್ಚಿ, ಕೈಯೊರೆಸಿಕೊಳ್ಳುತ್ತಾ ಬಂದಳು. ಶನಿ ಹೆಚ್ಚುಕಡಿಮೆ ನೆತ್ತಿಯ ಮೇಲಿತ್ತು. ನಾನು ಲ್ಯಾಪ್‌ಟಾಪನ್ನು ಮೆಟ್ಟಿಲ ಕೊನೆಯ ಹಾಸುಗಲ್ಲಿನ ಮೇಲಿಟ್ಟೆ. ಅವಳು ಟೆಲಿಸ್ಕೋಪಿಗೆ ಬೆನ್ನು ಮಾಡಿ, ಪಕ್ಕಕ್ಕೆ ಓರೆಯಾಗಿ ಕೂತಳು. ಪರದೆಯಲ್ಲಿ ಕತ್ತಲೆ, ಅದರ ನಡುವೆ ಒಂದು ಪುಟ್ಟ ಹಳದಿ ಉಂಡೆ. ಮಸುಕು. ನೀರಿನ ತಳದ ನಾಣ್ಯದ ಹಾಗೆ ನಡುಗುತ್ತಿತ್ತು. ಎಡಬಲಕ್ಕೆ ಕೂದಲೆಳೆಯಂಥ ಗೆರೆ, ಗಾಳಿ ಸುಮ್ಮನಾದಾಗ ಕಾಣುವುದು, ಮರುಕ್ಷಣ ಇಲ್ಲವಾಗುವುದು.

‘ಇಷ್ಟೇನಾ?’

‘ಇಷ್ಟೇ.’

ಸ್ವಲ್ಪ ಹೊತ್ತು ನೋಡಿದಳು. ‘ಮಣಿಗೆ ಸೂಜಿ ಚುಚ್ಚಿಟ್ಟ ಹಾಗಿದೆ,’ ಎಂದಳು. ನಾನು ಇಷ್ಟು ದಿನ ಓದಿದ ಯಾವ ಬರಹದಲ್ಲೂ ಇಷ್ಟು ಕರಾರುವಾಕ್ಕಾದ ವರ್ಣನೆ ಇರಲಿಲ್ಲ. ಉಂಡೆ ನಿಧಾನವಾಗಿ ಪರದೆಯ ಅಂಚಿಗೆ ಜಾರುತ್ತಿತ್ತು.

‘ಓಡ್ತಿದಾನಲ್ಲೇ, ಎಲ್ಲಿಗೆ?’

‘ಅವನಲ್ಲ ಅಮ್ಮ, ತಿರುಗ್ತಿರೋದು ನಾವು.’ ಎದ್ದು ಕೊಳವೆಯನ್ನು ಒಂದು ಕೂದಲು ಸರಿಸಿದೆ. ಪರದೆಯಲ್ಲಿ ಶನಿ ಕುಣಿದಾಡಿ ಮತ್ತೆ ನಡುವೆ ಬಂದು ನಿಂತಿತು. ಅಮ್ಮ ತಲೆ ಎತ್ತಿದಳು.

‘ನೀನು ಮುಟ್ಟಿದ್ದಕ್ಕೆ ಕುಣೀತಾ?’

‘ಹೂಂ.’

‘ಇನ್ನೊಂದು ಸಲ ಮುಟ್ಟು.’ ಮುಟ್ಟಿದೆ. ‘ಮುಚ್ಚಿದ್ರೆ?’ ಕೊಳವೆಯ ಬಾಯಿಗೆ ಕೈ ಅಡ್ಡ ಹಿಡಿದೆ. ಶನಿ ಆರಿತು.

‘ಇಲ್ಲ, ನೀನು ಅಲ್ಲೇನೋ ಒತ್ತುತೀಯ. ಸರಿ ಆ ಕಡೆ. ಲ್ಯಾಪ್‌ಟಾಪ್ ನನಗೆ ಕಾಣೋ ಹಾಗೆ ತಿರುಗಿಸು.’

ಎದ್ದಳು. ನೈಟಿಯ ಮೇಲಿನ ಟವೆಲ್ ಸರಿಮಾಡಿಕೊಂಡು ಟೆಲಿಸ್ಕೋಪಿನ ಮುಂದೆ ಬಂದು ನಿಂತಳು. ‘ಎಲ್ಲಿದಾನೆ ಅವನು?’ ಎಂದು ಆಕಾಶ ಹುಡುಕಿದಳು. ನಾನು ಬೆರಳು ತೋರಿಸಿದೆ. ಮುಖ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಎರಡೂ ಅಂಗೈ ಜೋಡಿಸಿ ಕೊಳವೆಯ ಬಾಯಿ ಮುಚ್ಚಿದಳು. ಪರದೆ ಕಪ್ಪಾಯಿತು. ತೆಗೆದಳು, ನಡುಗುವ ಹಳದಿ ಉಂಡೆ, ಸೂಜಿ. ಮುಚ್ಚಿದಳು. ತೆಗೆದಳು. ಎಷ್ಟು ಸಲವೋ. ನೇರ ಅವನೆದುರೇ ನಿಂತಿದ್ದಾಳೆ ಎಂದು ನಾನು ನೆನಪಿಸಲಿಲ್ಲ. ನನ್ನ ಬದುಕಿನಲ್ಲಿ ನಾನು ಆಡದೆ ಬಿಟ್ಟ ಒಂದೇ ಒಳ್ಳೆಯ ವಾದ ಅದು.

‘ಇದು ನಿಜ,’ ಎಂದಳು. ‘ನೆಟ್ಟಿಂದ ತೆಗೆದಿದ್ರೆ ಇಷ್ಟು ಕೆಟ್ಟದಾಗಿ ಇರ್ತಿರಲಿಲ್ಲ.’

ಕೆಳಗೆ ರಸ್ತೆಯಲ್ಲಿ ಯಾರದೋ ಸ್ಕೂಟರು ಕಿಕ್ ಹೊಡೆದು ಹೊಡೆದು ಹತ್ತುತ್ತಿರಲಿಲ್ಲ. ಅಮ್ಮ ಫೋನು ತೆಗೆದು ಮಾವನಿಗೆ ಹಚ್ಚಿ, ಸ್ಪೀಕರಿಗೆ ಹಾಕಿದಳು.

‘ಅಣ್ಣ, ಊಟ ಆಯ್ತಾ? ನೀನು ಕಳಿಸಿದ್ದೆಯಲ್ಲ ಶನಿ, ಅದು ಮೊನ್ನೆ ತೆಗೆದದ್ದೇನಾ?’

‘ಹೂನಮ್ಮ, ಶನಿವಾರ. ಯಾಕೆ?’

‘ಬಳೆ ಹಂಗೇ ಕಾಣ್ತಿತ್ತಾ?’

‘ಸ್ಪಷ್ಟವಾಗಿ! ನಾನೇ ಕಣ್ಣಾರೆ ನೋಡಿದೀನಲ್ಲ. ನಿನ್ನ ಮಗಳಿಗೆ ತೋರಿಸು.’

‘ತೋರಿಸ್ತೀನಿ,’ ಎಂದು ಇಟ್ಟುಬಿಟ್ಟಳು.

ನಾನು ಕುಣಿದಾಡುವುದೊಂದು ಬಾಕಿ. ಆದರೆ ಅಮ್ಮ ನನ್ನ ಕಡೆ ನೋಡುತ್ತಿರಲಿಲ್ಲ.

‘ಆಗಲೂ ಹಿಂಗೇ ಹೇಳಿದ್ದ ಕಣೆ. ಜಾತಕ ತೋರಿಸ್ಕೊಂಡು ಬಂದೆ, ಜೋಯಿಸರು ಸ್ಪಷ್ಟವಾಗಿ ಹೇಳಿದ್ರು ಅಂತ. ನಾನೇ ಕಿವಿಯಾರೆ ಕೇಳಿದೀನಿ ಅಂದಿದ್ದ.’ ಫೋನಿನ ಗಾಜನ್ನು ಟವೆಲಿಗೆ ಒರೆಸುತ್ತಾ, ‘ಹೋಗಿದ್ನೋ ಇಲ್ವೋ,’ ಎಂದಳು.

ಮೂವತ್ತು ವರ್ಷದ ಹಿಂದೆಯೂ ಶನಿಯ ಬಳೆ ಹೀಗೇ ಅಂಚು ತಿರುಗಿಸಿತ್ತು, ಅದೇ ಲೆಕ್ಕ. ಅವಳು ಆ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂತ ದಿನಗಳಲ್ಲೂ ಮೇಲೆ ಇದ್ದದ್ದು ಇದೇ ಮಣಿ, ಇದೇ ಸೂಜಿ. ನೋಡಲು ಒಬ್ಬರೂ ಇರಲಿಲ್ಲ, ನೋಡಿದೆ ಎನ್ನುವವರು ಮಾತ್ರ ಇದ್ದರು. ಇದನ್ನು ಅವಳಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು. ಅರ್ಧಕ್ಕೆ ನಿಂತು, ‘ಆ ಟೈಲರ್ ಎಷ್ಟು ಹೊತ್ತಿಗೆ ಬಾಗಿಲು ಹಾಕ್ತಾರೆ?’ ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಹೋದಳು. ಚಪ್ಪಲಿ ಬದಲಿಸುವ ಸದ್ದು, ಗೇಟಿನ ಸದ್ದು.

ಅಮ್ಮ ಬದಲಾಗಿಬಿಟ್ಟಳು ಎಂದು ಯಾರೂ ತಿಳಿಯಬಾರದು. ಈಗಲೂ ಶನಿವಾರ ನವಗ್ರಹಗಳಿಗೆ ಎಳ್ಳೆಣ್ಣೆ ದೀಪ ಹಚ್ಚುತ್ತಾಳೆ, ಪಕ್ಕದಲ್ಲಿ ನಿಂತೇ ಕೈ ಮುಗಿಯುತ್ತಾಳೆ. ನಾನು ಹಲ್ಲು ಕಡಿಯುತ್ತೇನೆ. ‘ಅವನ ಮೇಲೆ ನನಗೇನೂ ಸಿಟ್ಟಿಲ್ಲ, ಅವನೇನು ಮಾಡಿದ್ದ ಪಾಪ’ ಎನ್ನುತ್ತಾಳೆ. ಅಣ್ಣನ ಬಗ್ಗೆ ಏನೂ ಅನ್ನುವುದಿಲ್ಲ.

ಅಂಗಡಿ ತೆರೆಯುವ ದಿನ ಗೊತ್ತು ಮಾಡಿದವಳೂ ಅವಳೇ. ಮಾವ ಫೋನಿನಲ್ಲಿ ಕಿರುಚಿದ್ದು ಅಡುಗೆಮನೆಗೂ ಕೇಳಿತು: ‘ಶನಿವಾರನಾ? ತಲೆ ನೆಟ್ಟಗಿರೋರು ಯಾರಾದ್ರೂ ಶನಿವಾರ ಬಾಗಿಲು ತೆಗೀತಾರಾ?’

ಅಮ್ಮ ಸೂಜಿಗೆ ದಾರ ಪೋಣಿಸುತ್ತಾ, ‘ಸಂಪಿಗೆ ರೋಡಿಗೆ ಶನಿವಾರನೇ ಅಲ್ವಾ ಅಣ್ಣ ಜನ ಬರೋದು,’ ಎಂದಳು.

ಆ ಶನಿವಾರ ಮಾವ ಬಂದರು. ಸ್ವೀಟ್ ಬಾಕ್ಸು, ಹೂವಿನ ಹಾರ, ಕತ್ತಿನಲ್ಲಿ ಆ ದೊಡ್ಡ ಕ್ಯಾಮೆರಾ. ಶನಿಯ ಚಿತ್ರದ ಮಾತು ಅವರೂ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ನಾನು ಎತ್ತಬೇಕೆಂದು ಎರಡು ಸಲ ಹೊರಟೆ, ಎರಡು ಸಲವೂ ಅಮ್ಮ ನನ್ನ ಕೈಗೆ ಕುಂಕುಮದ ತಟ್ಟೆ ಕೊಟ್ಟಳು. ‘ತಂಗಿ, ಸ್ವಲ್ಪ ಈ ಕಡೆ ನೋಡಮ್ಮ,’ ಎಂದು ಮಾವ ರಸ್ತೆಯಲ್ಲಿ ಮಂಡಿಯೂರಿ ಕೂತು ಅವಳನ್ನು ತೆಗೆದರು. ಬಿದಿರಿನ ಕೋಲು, ಅದರ ಮೇಲೆ ಸೀರೆಗಳು, ಕುಚ್ಚಿನ ಒಂದೊಂದು ಎಳೆ, ಒಂದೊಂದು ಮಣಿ, ಬಾಗಿಲ ನಡುವೆ ನೇರ ನಿಂತ ಅಮ್ಮ.

ಫೋಟೋಗಳು ಬಹಳ ಚೆನ್ನಾಗಿ ಬಂದವು. ಅದಕ್ಕೂ ನನಗೆ ಸಿಟ್ಟೇ.